ವಾಂತಿ ನಿಂತಿತು, ವಾಕರಿಕೆ ಉಳಿಯಿತು

1983ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿದ್ದವರನ್ನು ಕೇಳಿದರು: ಈ ಚಿಕಿತ್ಸೆಯಲ್ಲಿ ನಿಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಯಾವುದು? ಕೂದಲು ಉದುರುವುದು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಅದು ಬಂದದ್ದು ಮೂರನೆಯದಾಗಿ. ಮೊದಲನೆಯದು ವಾಂತಿ, ಎರಡನೆಯದು ವಾಕರಿಕೆ.

ಅದರಲ್ಲಿ ಆಶ್ಚರ್ಯವೇನಿಲ್ಲ. 1978ರ ಕೊನೆಯಲ್ಲಿ ಅಮೆರಿಕದಲ್ಲಿ ಸಿಸ್‌ಪ್ಲಾಟಿನ್ ಎಂಬ ಔಷಧಕ್ಕೆ ಒಪ್ಪಿಗೆ ಸಿಕ್ಕಿತ್ತು. ವೃಷಣದ ಕ್ಯಾನ್ಸರನ್ನು ಗುಣಪಡಿಸುವಷ್ಟು ಶಕ್ತಿ ಅದಕ್ಕಿತ್ತು. ಆದರೆ ತಡೆಯುವ ಮದ್ದಿಲ್ಲದೆ ಕೊಟ್ಟರೆ 100ರಲ್ಲಿ 90ಕ್ಕೂ ಹೆಚ್ಚು ಜನ ವಾಂತಿ ಮಾಡುತ್ತಿದ್ದರು. ಒಂದೆರಡು ಸಲ ಅಲ್ಲ, ಗಂಟೆಗಟ್ಟಲೆ.

ಆಪರೇಷನ್ ಆದವರ ಕಷ್ಟ ಇನ್ನೂ ಹಳೆಯದು. 1846ರಲ್ಲಿ ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದರು. ನೋವು ಹೋಯಿತು, ಎಚ್ಚರವಾದ ಮೇಲೆ ವಾಂತಿ ಬಂತು. ಆ ಕಾಲದವರು ಅದನ್ನು ಸಹಿಸಿಕೊಳ್ಳಬೇಕಾದ ಬೆಲೆ ಅಂತ ಒಪ್ಪಿಕೊಂಡಂತಿತ್ತು. ಸುಮಾರು ನೂರು ವರ್ಷ ಒಳ್ಳೆಯ ಮದ್ದೇ ಇರಲಿಲ್ಲ.

ಮದ್ದು ಬಂದಾಗ ಅದು ಇಂಜೆಕ್ಷನ್ ಆಗಿಯೇ ಹೆಚ್ಚು ಬೇಕಾಯಿತು. ವಾಂತಿ ಮಾಡುತ್ತಿರುವವರ ಹೊಟ್ಟೆಯಲ್ಲಿ ಮಾತ್ರೆ ನಿಲ್ಲಬೇಕಲ್ಲ! ಅರಿವಳಿಕೆಯ ಮಂಪರಿನಲ್ಲಿ ಇರುವವರಿಗೆ ನುಂಗಿಸುವುದೂ ಸರಿಯಲ್ಲ. ವಾಂತಿ ಶುರುವಾಗುವ ಮೊದಲೇ ಕೊಡುವುದಾದರೆ ಮಾತ್ರೆಯೂ ಚೆನ್ನಾಗಿ ಕೆಲಸ ಮಾಡುತ್ತದೆ, ಅದು ಬೇರೆ ಮಾತು.

ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವುದು 1981ರ ಒಂದು ತಿರುವು. ಮೆಟೊಕ್ಲೋಪ್ರಮೈಡ್ 1960ರ ದಶಕದ ಫ್ರೆಂಚ್ ಔಷಧ. ಸಾಮಾನ್ಯ ಡೋಸ್ 10 ಮಿಲಿಗ್ರಾಂ. ಅಷ್ಟು ಕೊಟ್ಟರೆ ಸಿಸ್‌ಪ್ಲಾಟಿನ್ ಮುಂದೆ ಅದರ ಆಟ ನಡೆಯುತ್ತಿರಲಿಲ್ಲ. ಅಮೆರಿಕದ ರಿಚರ್ಡ್ ಗ್ರಾಲ್ಲಾ ಮತ್ತು ಜೊತೆಯವರು ದೇಹದ ತೂಕದ ಕಿಲೋಗೆ 2 ಮಿಲಿಗ್ರಾಂನಂತೆ ರಕ್ತನಾಳಕ್ಕೆ ಕೊಟ್ಟರು, ಅದೂ ಮತ್ತೆ ಮತ್ತೆ. 60 ಕಿಲೋ ತೂಗುವವರಿಗೆ ಒಂದು ಸಲಕ್ಕೇ 120 ಮಿಲಿಗ್ರಾಂ. ವಾಂತಿ ತುಂಬಾ ಕಡಿಮೆಯಾಯಿತು. ಆದರೆ ಅಷ್ಟು ಡೋಸಿಗೆ ಕೆಲವರ ಕತ್ತು, ದವಡೆ ಸೆಟೆದುಕೊಳ್ಳುತ್ತಿತ್ತು.

ಈ ಮದ್ದು ಡೋಪಮಿನ್ ಎಂಬ ರಾಸಾಯನಿಕವನ್ನು ತಡೆಯುತ್ತದೆ ಅಂತ ಗೊತ್ತಿತ್ತು. ಹಾಗಿದ್ದರೆ ಡೋಪಮಿನನ್ನು ತಡೆಯುವ ಬೇರೆ ಮದ್ದುಗಳೂ ಇಷ್ಟೇ ಚೆನ್ನಾಗಿ ಕೆಲಸ ಮಾಡಬೇಕಿತ್ತು. ಮಾಡಲಿಲ್ಲ. ಅಂದರೆ ಡೋಸ್ ಜಾಸ್ತಿಯಾದಾಗ ಇದು ಇನ್ನೊಂದು ಬೀಗವನ್ನೂ ಹಾಕುತ್ತಿದೆ. ಆ ಬೀಗ ಇದ್ದದ್ದು ಸೆರಟೋನಿನ್ ಎಂಬ ಇನ್ನೊಂದು ರಾಸಾಯನಿಕದ ಬಾಗಿಲಿಗೆ. ನಮ್ಮ ದೇಹದ ಸೆರಟೋನಿನ್ನಿನ ಬಹುಪಾಲು ಇರುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ಕೀಮೋ ಕರುಳಿನ ಕೋಶಗಳನ್ನು ಕೆಣಕುತ್ತದೆ, ಅವು ಸೆರಟೋನಿನ್ ಸುರಿಸುತ್ತವೆ, ಪಕ್ಕದ ವೇಗಸ್ ನರ ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. 1986ರಲ್ಲಿ ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗಳಲ್ಲಿ ಸೆರಟೋನಿನ್ನಿನ ದಾರಿಯನ್ನು ಮಾತ್ರ ಮುಚ್ಚಿ ನೋಡಿದರು. ವಾಂತಿ ತಡೆಯಿತು. ಇಲಿಗಳಲ್ಲಿ ಯಾಕೆ ನೋಡಲಿಲ್ಲ ಅಂದರೆ, ಇಲಿಗಳಿಗೆ ವಾಂತಿ ಮಾಡಲು ಬರುವುದೇ ಇಲ್ಲ.

1991ರಲ್ಲಿ ಅಮೆರಿಕದಲ್ಲಿ ಸೆರಟೋನಿನ್ನಿನ ಈ ದಾರಿಯನ್ನು ಮುಚ್ಚುವ ಒಂಡಾನ್ಸೆಟ್ರಾನ್ ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ಕಿತು. ಕತ್ತು ಸೆಟೆಯುವ ಕಾಟವಿಲ್ಲ, ಸಾಮಾನ್ಯವಾಗಿ ಕಾಡುವುದು ತಲೆನೋವು, ಮಲಬದ್ಧತೆ. ಆದರೂ ಸುಮ್ನೆ ಎಷ್ಟು ಬೇಕಾದರೂ ಕೊಡುವಂತಿಲ್ಲ. ಹೃದಯದ ಬಡಿತದ ಲಯ ತಪ್ಪುವ ಭಯದಿಂದ 2012ರಲ್ಲಿ ಅಲ್ಲಿ 32 ಮಿಲಿಗ್ರಾಂ ಒಂದೇ ಸಲ ರಕ್ತನಾಳಕ್ಕೆ ಕೊಡುವುದನ್ನು ನಿಲ್ಲಿಸಿದರು.

ಇದು ಕೀಮೋ ಆದ ಮೊದಲ ದಿನವನ್ನು ಚೆನ್ನಾಗಿ ಕಾಯುತ್ತದೆ. ಎರಡನೇ ದಿನದಿಂದ ಬರುವ ವಾಂತಿಯ ದಾರಿಯೇ ಬೇರೆ, ಅಲ್ಲಿ ಕೆಲಸ ಮಾಡುವುದು ಸಬ್‌ಸ್ಟೆನ್ಸ್ ಪಿ ಎಂಬ ಇನ್ನೊಂದು ವಸ್ತು. ಅದಕ್ಕೆ ಅಡ್ಡ ನಿಲ್ಲುವ ಫಾಸಪ್ರೆಪಿಟೆಂಟ್ ಇಂಜೆಕ್ಷನ್ 2008ರಲ್ಲಿ ಬಂತು. ಜೊತೆಗೆ ಹಳೆಯ ಸ್ಟೆರಾಯ್ಡ್ ಡೆಕ್ಸಾಮೆಥಸೋನ್.

ಆಪರೇಷನ್ ವಿಷಯದಲ್ಲಿ ಯಾರಿಗೆ ವಾಕರಿಕೆ ಅಥವಾ ವಾಂತಿ ಬರಬಹುದು ಅಂತ ಮೊದಲೇ ಊಹಿಸಬಹುದು. ಹೆಂಗಸರು, ಸಿಗರೇಟು ಸೇದದವರು (ಹೌದು, ಸೇದದವರೇ!), ಪ್ರಯಾಣದಲ್ಲಿ ವಾಂತಿ ಮಾಡುವವರು, ಆಮೇಲೆ ಮಾರ್ಫಿನ್‌ನಂಥ ನೋವಿನ ಮದ್ದು ಬೇಕಾಗುವವರು. ನಾಲ್ಕೂ ಸೇರಿದರೆ ಸಾಧ್ಯತೆ ಸುಮಾರು ಶೇ. 80. 2004ರಲ್ಲಿ 5,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದಲ್ಲಿ ಒಂಡಾನ್ಸೆಟ್ರಾನ್, ಡೆಕ್ಸಾಮೆಥಸೋನ್, ಡೋಪಮಿನನ್ನು ತಡೆಯುವ ಡ್ರೊಪೆರಿಡಾಲ್ ಮೂರೂ ಹೆಚ್ಚುಕಡಿಮೆ ಸಮ ಅಂತ ಕಂಡಿತು. ಒಂದೊಂದೂ ಅಪಾಯವನ್ನು ಕಾಲು ಭಾಗದಷ್ಟು ಇಳಿಸಿತು.

ಇಷ್ಟಾದರೂ ವಾಕರಿಕೆ ಹೋಗಿಲ್ಲ. ನನ್ನ ಪ್ರಕಾರ ಇದಕ್ಕೆ ಒಂದು ಕಾರಣ ಎಣಿಕೆ. ವಾಂತಿಯನ್ನು ನರ್ಸ್ ನೋಡಿ ಬರೆದುಕೊಳ್ಳಬಹುದು. ಹೊಟ್ಟೆ ತೊಳಸುವುದನ್ನು ರೋಗಿಯೇ ಬಾಯಿಬಿಟ್ಟು ಹೇಳಬೇಕು. ಫೆರೆಟ್ ಅಂತೂ ಹೇಳುವುದಿಲ್ಲ. ಸುಲಭವಾಗಿ ಎಣಿಸಲು ಬಂದದ್ದಕ್ಕೇ ಮದ್ದು ಮೊದಲು ಸಿಕ್ಕಿತು. 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೀಮೋ ರೋಗಿಗಳಿಗೆ ಸೆರಟೋನಿನ್ ತಡೆಯುವ ಮದ್ದು, ಸಬ್‌ಸ್ಟೆನ್ಸ್ ಪಿ ತಡೆಯುವ ಮದ್ದು, ಡೆಕ್ಸಾಮೆಥಸೋನ್ ಈ ಮೂರರ ಜೊತೆ ಒಲಾಂಜಪಿನ್ ಎಂಬ ಮಾನಸಿಕ ಕಾಯಿಲೆಯ ಮಾತ್ರೆಯನ್ನೂ ಸೇರಿಸಿದರು. ಈ ಸಲ ಮುಖ್ಯವಾಗಿ ಲೆಕ್ಕ ಹಾಕಿದ್ದು ವಾಕರಿಕೆಯನ್ನು. ಮಾತ್ರೆ ಸೇರಿಸಿದವರಲ್ಲಿ ಐದು ದಿನವೂ ವಾಕರಿಕೆಯೇ ಇಲ್ಲದೆ ಇದ್ದವರು ಶೇ. 37, ಸೇರಿಸದವರಲ್ಲಿ ಶೇ. 22.