ಡೀಟೇಲರ್ ಹೊಡೆದರೆ ವ್ಯಾಕ್ಸ್ ಬೇಡವಾ?

ಪ್ರಶ್ನೆ: ನನ್ನದು ಎರಡು ವರ್ಷದ ಕಡು ನೀಲಿ ಕಾರು. ಬೆಂಗಳೂರಿನಲ್ಲಿ ಮನೆ ಮುಂದೆ ರಸ್ತೆಯಲ್ಲೇ, ಹೊಂಗೆ ಮರದ ಕೆಳಗೆ ನಿಲ್ಲಿಸುತ್ತೇನೆ. ತೊಳೆಯುವುದು ಬೋರ್‌ವೆಲ್ ನೀರಿನಲ್ಲಿ. ಆನ್‌ಲೈನ್‌ನಲ್ಲಿ ಹುಡುಕಿದರೆ ಕ್ವಿಕ್ ಡೀಟೇಲರ್, ಸ್ಪ್ರೇ ವ್ಯಾಕ್ಸ್, ಸೆರಾಮಿಕ್ ಸ್ಪ್ರೇ ಅಂತ ಹತ್ತಾರು ಬಾಟಲಿ ಬರುತ್ತವೆ. ಎಲ್ಲದರ ಮೇಲೂ ಶೈನ್, ಪ್ರೊಟೆಕ್ಷನ್ ಅಂತಲೇ ಬರೆದಿದೆ. ಪೇಂಟ್ ಉಳಿಯಬೇಕು ಅಂದರೆ ಯಾವುದು ತಗೊಳ್ಳಲಿ? ಡೀಟೇಲರ್ ಹೊಡೆಯುತ್ತಿದ್ದರೆ ವ್ಯಾಕ್ಸ್ ಬೇಡವಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಒಂದು ಸೆರಾಮಿಕ್ ಸ್ಪ್ರೇ ತಗೊಳ್ಳಿ, ಎರಡು–ಮೂರು ತಿಂಗಳಿಗೊಮ್ಮೆ ಹಚ್ಚಿ. ಜೊತೆಗೆ ಒಂದು ಸಣ್ಣ ಕ್ವಿಕ್ ಡೀಟೇಲರ್ ಡಿಕ್ಕಿಯಲ್ಲಿರಲಿ, ಹಕ್ಕಿ ಹಿಕ್ಕೆಗೆ. ಮೂರನೇ ಬಾಟಲಿ ಬೇಡ. ಆ ದುಡ್ಡಿಗೆ ನಾಲ್ಕು ಒಳ್ಳೇ ಮೈಕ್ರೋಫೈಬರ್ ಬಟ್ಟೆ ತಗೊಳ್ಳಿ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಡೀಟೇಲರ್ ಎಷ್ಟೇ ಹೊಡೆದರೂ ವ್ಯಾಕ್ಸ್ ಅಥವಾ ಸೀಲೆಂಟ್ (ಪೇಂಟ್ ಮೇಲೆ ಕೂತು ಕಾಪಾಡುವ ಪದರ, ಸೆರಾಮಿಕ್ ಸ್ಪ್ರೇ ಈ ಜಾತಿಯದು) ಯಾವುದಾದರೂ ಒಂದು ಬೇಕೇ ಬೇಕು.

ಯಾಕೆ ಅಂತ ಗೊತ್ತಾಗಬೇಕಾದರೆ ಪೇಂಟ್ ಎಷ್ಟು ತೆಳ್ಳಗಿರುತ್ತದೆ ಅನ್ನುವುದನ್ನು ನೋಡಬೇಕು. ಕಾರ್ಖಾನೆಯಿಂದ ಬಂದ ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಒಂದು ಪದರ ಇರುತ್ತದೆ. ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಅನ್ನುವ ಬಣ್ಣವಿಲ್ಲದ ಪಾರದರ್ಶಕ ಪದರ. ಎಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಕ್ಲಿಯರ್ ಕೋಟ್ ಒಂದೇ ಅಂದರೆ 40–50 ಮೈಕ್ರಾನ್ ಅಷ್ಟೇ. ನಮ್ಮ ತಲೆಕೂದಲೇ ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ಹೊಳಪು ಕೊಡುವುದೂ, ಬಿಸಿಲಿನ ಅತಿನೇರಳೆ ಕಿರಣ ಬಣ್ಣಕ್ಕೆ ತಾಗದ ಹಾಗೆ ತಡೆಯುವುದೂ ಈ ಪದರವೇ. ಹಳೇ ಅಂಬಾಸಡರ್, ಪದ್ಮಿನಿ ಕಾಲದಲ್ಲಿ ಈ ಪದರ ಇರಲಿಲ್ಲ. ಪಾಲಿಶ್ ಹಾಕಿ ಉಜ್ಜಿದರೆ ಗಾಡಿಯ ಬಣ್ಣವೇ ಬಟ್ಟೆಗೆ ಅಂಟುತ್ತಿತ್ತು. ಈಗ ಬಟ್ಟೆಗೆ ಬಣ್ಣ ಅಂಟುವುದಿಲ್ಲ. ಅದಕ್ಕೇ ಎಷ್ಟು ಉಜ್ಜಿದರೂ ಏನೂ ಆಗುವುದಿಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ಸವೆಯುವುದು ಮಾತ್ರ ಸವೆಯುತ್ತಲೇ ಇರುತ್ತದೆ. ಒಮ್ಮೆ ಸವೆದ ಕ್ಲಿಯರ್ ಕೋಟ್ ಅನ್ನು ಯಾವ ಬಾಟಲಿಯೂ ವಾಪಸ್ ತರುವುದಿಲ್ಲ.

ಈಗ ಬಾಟಲಿಗಳಿಗೆ ಬರೋಣ.

ಕ್ವಿಕ್ ಡೀಟೇಲರ್‌ನಲ್ಲಿ ಬಹುಪಾಲು ನೀರು. ಅದಕ್ಕೆ ಕೊಳೆ ಬಿಡಿಸುವ ಸ್ವಲ್ಪ ಸೋಪಿನಂಥ ವಸ್ತು, ಬಟ್ಟೆ ಜಾರುವಂತೆ ಮಾಡುವ ಪಾಲಿಮರ್, ಕೆಲವದರಲ್ಲಿ ಒಂಚೂರು ಸಿಲಿಕೋನ್ ಸೇರಿರುತ್ತದೆ. ಇದರ ಕೆಲಸ ಜಾರಿಸುವುದು. ತೊಳೆದ ಗಾಡಿಯ ಮೇಲೆ ಕೂತ ತೆಳು ಧೂಳು, ಬೆರಳಚ್ಚು, ಆಗಷ್ಟೇ ಬಿದ್ದ ಹಿಕ್ಕೆ, ಇಂಥವನ್ನು ಗೀರು ಬೀಳದ ಹಾಗೆ ಎತ್ತಲು ಇದು ಚೆನ್ನಾಗಿದೆ. ಒರೆಸಿದ ಕೂಡಲೇ ಹೊಳಪೂ ಬರುತ್ತದೆ. ಒಂದು ಮಳೆ, ಒಂದು ವಾಶ್ ಆದ ಮೇಲೆ ಏನೂ ಉಳಿದಿರುವುದಿಲ್ಲ.

ಸ್ಪ್ರೇ ವ್ಯಾಕ್ಸ್ ಒಂದು ಹೆಜ್ಜೆ ಮುಂದೆ. ಇದರಲ್ಲಿ ಕಾರ್ನೌಬಾ ಮೇಣವೋ, ಅದರ ಜಾಗದಲ್ಲಿ ಸಿಂಥೆಟಿಕ್ ಪಾಲಿಮರೋ ಇರುತ್ತದೆ. ಕಾರ್ನೌಬಾ ಸಿಗುವುದು ಈಶಾನ್ಯ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ. ಒಣಭೂಮಿಯ ಬಿಸಿಲಿಗೆ ಎಲೆಯ ನೀರು ಆರದಿರಲಿ ಅಂತ ಮರ ತನ್ನ ಎಲೆಗೆ ತಾನೇ ಬಳಿದುಕೊಳ್ಳುವ ಮೇಣ ಅದು. ಕರಗಲು 82ರಿಂದ 86 ಡಿಗ್ರಿ ಸೆಲ್ಸಿಯಸ್ ಬೇಕು. ಕೇಳಲು ಗಟ್ಟಿ ಅನಿಸುತ್ತದೆ, ಅಲ್ವಾ? ಆದರೆ ಸ್ಪ್ರೇ ಬಾಟಲಿಯಲ್ಲಿ ಇರುವುದು ಬರೀ ಕಾರ್ನೌಬಾ ಅಲ್ಲ. ಎಣ್ಣೆ, ಸಾಲ್ವೆಂಟ್, ನೀರಿನ ನಡುವೆ ಮೇಣದ ಪಾಲು ತೀರಾ ಕಡಿಮೆ. ಇಡೀ ದಿನ ಬಿಸಿಲಿಗೆ ನಿಲ್ಲುವ ಗಾಡಿಯಲ್ಲಿ ಅದು ಕೆಲವು ವಾರ ಬಾಳಿದರೆ ದೊಡ್ಡದು. ಕಡು ಬಣ್ಣಕ್ಕೆ ಅದು ಕೊಡುವ ಹೊಳಪು ಮಾತ್ರ ನಿಜಕ್ಕೂ ಚಂದ. ಗ್ಯಾರೇಜಿನಲ್ಲಿ ನೆರಳಲ್ಲಿ ನಿಲ್ಲುವ, ವಾರಕ್ಕೊಮ್ಮೆ ಹೊರಗೆ ಬರುವ ಗಾಡಿಗೆ ಇದನ್ನೇ ಹೇಳುತ್ತಿದ್ದೆ. ನಿಮ್ಮ ಗಾಡಿ ರಸ್ತೆಯಲ್ಲಿದೆ.

ಸೆರಾಮಿಕ್ ಸ್ಪ್ರೇ ಅಂದರೆ ಸಿಲಿಕಾ ಮತ್ತು ಸಿಲಿಕೋನ್ ಜಾತಿಯ ಪಾಲಿಮರ್ ಇರುವ ಸೀಲೆಂಟ್. ಬಿಸಿಲು, ಶಾಂಪೂ, ಮಳೆ ಎಲ್ಲವನ್ನೂ ಮೇಣಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಬಾಟಲಿ ಮೇಲೆ ಆರು ತಿಂಗಳು, ಒಂದು ವರ್ಷ ಅಂತ ಬರೆದಿರುತ್ತಾರೆ. ರಸ್ತೆಯಲ್ಲಿ ನಿಲ್ಲುವ ಗಾಡಿಗೆ ಅದರ ಅರ್ಧ ಅಂತ ಲೆಕ್ಕ ಇಟ್ಟುಕೊಳ್ಳಿ. ಇದನ್ನೂ ಡೀಟೇಲಿಂಗ್ ಸ್ಟುಡಿಯೋದಲ್ಲಿ ಸಾವಿರಾರು ರೂಪಾಯಿ ಕೊಟ್ಟು ಮಾಡಿಸುವ ಸೆರಾಮಿಕ್ ಕೋಟಿಂಗನ್ನೂ ಒಂದೇ ಅಂದುಕೊಳ್ಳಬೇಡಿ. ಅಲ್ಲಿ ಪೇಂಟ್ ಅನ್ನು ಮೊದಲು ಪಾಲಿಶ್ ಮಾಡಿ, ಎಣ್ಣೆ ಅಂಶ ಪೂರ್ತಿ ತೆಗೆದು, ಗಟ್ಟಿಯಾಗುವ ದ್ರಾವಣ ಹಚ್ಚುತ್ತಾರೆ. ಅಂದಹಾಗೆ 9ಎಚ್ ಅಂತ ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾರಲ್ಲ, ಅದು ಪೆನ್ಸಿಲ್ ಗಡಸುತನದ ಅಳತೆ. ಎಚ್‌ಬಿ, 2ಎಚ್ ಅಂತ ನಾವು ಶಾಲೆಯಲ್ಲಿ ಬಳಸುತ್ತಿದ್ದ ಅದೇ ಪೆನ್ಸಿಲ್. 9ಎಚ್ ಪೆನ್ಸಿಲ್‌ನಿಂದ ಗೀರಿದರೆ ಗೀರು ಬೀಳಲಿಲ್ಲ ಅಂತ ಅರ್ಥ. ಪಕ್ಕದ ಸ್ಕೂಟರ್‌ನ ಹ್ಯಾಂಡಲ್ ತಾಗಿದರೂ ಏನೂ ಆಗುವುದಿಲ್ಲ ಅಂತ ಅಲ್ಲ.

ಕೊಳ್ಳುವಾಗ ಒಂದು ಎಚ್ಚರ. ನಮ್ಮ ಅಂಗಡಿಗಳಲ್ಲಿ ವ್ಯಾಕ್ಸ್ ಪಾಲಿಶ್ ಅಂತ ಸಿಗುವ ಕ್ರೀಮ್‌ಗಳಲ್ಲಿ ಕೆಲವದರಲ್ಲಿ ಉಜ್ಜಿ ಸವೆಸುವ ನುಣ್ಣನೆಯ ಪುಡಿ ಇರುತ್ತದೆ. ಹಳೇ ಗಾಡಿಯ ಮಂಕು ತೆಗೆಯಲು ವರ್ಷಕ್ಕೊಮ್ಮೆ ಅದು ಸರಿ. ತಿಂಗಳಿಗೊಮ್ಮೆ ಹಚ್ಚಿದರೆ ಆ 40 ಮೈಕ್ರಾನ್ ಅನ್ನು ನೀವೇ ಕೈಯಾರೆ ಉಜ್ಜಿ ತೆಗೆದಂತೆ. ಲೇಬಲ್ ಮೇಲೆ ಕ್ಲೀನರ್ ವ್ಯಾಕ್ಸ್, ಸ್ಕ್ರ್ಯಾಚ್ ರಿಮೂವರ್, ಕಾಂಪೌಂಡ್ ಅನ್ನುವ ಮಾತಿದ್ದರೆ ಅದು ಆ ಜಾತಿಗೆ ಸೇರಿದ್ದು. ಡ್ಯಾಶ್‌ಬೋರ್ಡ್ ಪಾಲಿಶ್ ಅನ್ನು ಪೇಂಟ್‌ಗೆ ಹೊಡೆಯುವವರೂ ಇದ್ದಾರೆ. ಸೀಮೆಎಣ್ಣೆ, ಡೀಸೆಲ್ ಹಾಕಿ ಒರೆಸುವವರಂತೂ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಈಗಲೂ ಸಿಗುತ್ತಾರೆ. ಹೊಳೆಯುತ್ತದೆ, ನಿಜ. ಮಧ್ಯಾಹ್ನದ ಹೊತ್ತಿಗೆ ಊರಿನ ಧೂಳೆಲ್ಲ ಅದಕ್ಕೇ ಮೆತ್ತಿರುತ್ತದೆ. ಹಚ್ಚಿದ್ದ ವ್ಯಾಕ್ಸ್ ಹೋಗುತ್ತದೆ, ಬಾಗಿಲಿನ ರಬ್ಬರೂ ಹಾಳಾಗುತ್ತದೆ.

ಬ್ರ್ಯಾಂಡ್ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ಟರ್ಟಲ್ ವ್ಯಾಕ್ಸ್, ಮೆಗ್ವಾಯರ್ಸ್, ಸೋನ್ಯಾಕ್ಸ್, 3ಎಂ, ನಮ್ಮ ದೇಶದ ವ್ಯಾಕ್ಸ್‌ಪೋಲ್, ಎಲ್ಲವೂ ಸಿಗುತ್ತವೆ. ಮೆಗ್ವಾಯರ್ಸ್ 2008ರಿಂದ 3ಎಂ ಕಂಪನಿಯದೇ. ಬೆಲೆ ನೋಡುವಾಗ ಬಾಟಲಿಯ ಬೆಲೆ ನೋಡಬೇಡಿ, ಒಂದು ಸಲ ಹಚ್ಚಲು ಎಷ್ಟು ಬೀಳುತ್ತದೆ ನೋಡಿ. ಟ್ರಿಗರ್ ಒಮ್ಮೆ ಒತ್ತಿದರೆ ಸುಮಾರು ಒಂದು ಮಿ.ಲೀ. ಹೊರಗೆ ಬರುತ್ತದೆ. ಬಾಗಿಲು, ಬಾನೆಟ್, ಚಾವಣಿ ಎಲ್ಲ ಸೇರಿ ಹತ್ತು–ಹನ್ನೆರಡು ಭಾಗ, ಒಂದೊಂದಕ್ಕೆ ಎರಡು ಮೂರು ಸಲ. ಅಂದರೆ 30 ಮಿ.ಲೀ. ಸಾಕು. ಅರ್ಧ ಲೀಟರ್ ಬಾಟಲಿ ಎರಡು ತಿಂಗಳಿಗೊಮ್ಮೆ ಹಚ್ಚಿದರೂ ಎರಡು ವರ್ಷ ದಾಟುತ್ತದೆ.

ಇನ್ನು ನಿಮ್ಮ ಬೋರ್‌ವೆಲ್ ನೀರು. ವ್ಯಾಕ್ಸ್ ಜಾಹೀರಾತಿನಲ್ಲಿ ನೀರು ಮುತ್ತಿನ ಹಾಗೆ ಗುಂಡಗೆ ನಿಲ್ಲುವುದನ್ನೇ ತೋರಿಸುತ್ತಾರೆ. ನೋಡಲು ಖುಷಿ. ಆದರೆ ಗಡಸು ನೀರಿನಲ್ಲಿ ಆ ಒಂದೊಂದು ಹನಿಯಲ್ಲೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ. ಬಿಸಿಲಿಗೆ ನೀರು ಆರಿ ಹೋದಾಗ ಬಿಳಿ ಉಂಗುರ ಉಳಿಯುತ್ತದೆ. ನಿಮ್ಮ ಕಡು ನೀಲಿ ಬಣ್ಣದ ಮೇಲೆ ಅದು ಎದ್ದು ಕಾಣುತ್ತದೆ. ವ್ಯಾಕ್ಸ್ ಹಚ್ಚಿದ ಮೇಲೆ ಕಲೆ ಜಾಸ್ತಿಯಾಯಿತು ಅಂತ ಎಷ್ಟೋ ಜನ ದೂರುವುದು ಇದಕ್ಕೇ. ತಪ್ಪು ವ್ಯಾಕ್ಸಿನದಲ್ಲ. ತೊಳೆದ ಗಾಡಿಯನ್ನು ಸುಮ್ನೆ ಬಿಸಿಲಿಗೆ ಒಣಗಲು ಬಿಟ್ಟಿದ್ದು ತಪ್ಪು. ತೊಳೆದ ಕೂಡಲೇ, ನೀರು ಇರುವಾಗಲೇ, ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ನೀರು ಎಳೆಯಿರಿ. ಈಗಾಗಲೇ ಬಿದ್ದಿರುವ ತೆಳು ಉಂಗುರಕ್ಕೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ, ತಕ್ಷಣ ತೊಳೆದುಬಿಡಿ. ವಿನೆಗರ್ ಮುಟ್ಟಿದ ಕಡೆ ಸೀಲೆಂಟ್ ಮತ್ತೆ ಹಚ್ಚಬೇಕು.

ಕಾವೇರಿ ನೀರು ಬರುವ ಮನೆಯಾದರೂ ಪೈಪ್ ಹಿಡಿದು ಗಾಡಿ ತೊಳೆಯುವ ಕಾಲ ಹೋಯಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ರಿನ್ಸ್‌ಲೆಸ್ ವಾಶ್ ಅನ್ನುವ ದ್ರಾವಣ ಇಂಥ ಕಡೆ ಉಪಯೋಗಕ್ಕೆ ಬರುತ್ತದೆ. ಒಂದು ಬಕೆಟ್ ನೀರಿಗೆ ಸ್ವಲ್ಪ ಬೆರೆಸಿದರೆ ಇಡೀ ಕಾರು ಮುಗಿಯುತ್ತದೆ, ಮತ್ತೆ ನೀರು ಸುರಿಯಬೇಕಿಲ್ಲ. ಕೆಸರು ಮೆತ್ತಿದ ಗಾಡಿಗೆ ಮಾತ್ರ ಇದು ಬೇಡ. ಅದನ್ನು ವಾಟರ್ ಸರ್ವಿಸ್‌ಗೇ ಕೊಡಿ.

ಹೊಂಗೆ ಮರದ ವಿಷಯ. ಕೆಳಗೆ ನಿಂತ ಗಾಡಿಯ ಮೇಲೆ ಸಣ್ಣ ಸಣ್ಣ ಅಂಟು ಹನಿ ಬೀಳುತ್ತದಲ್ಲ, ಅದು ಬಹಳ ಸಲ ಮರದ ಅಂಟಲ್ಲ. ಎಲೆಯ ರಸ ಹೀರುವ ಪುಟ್ಟ ಹುಳುಗಳು ಬಿಡುವ ಸಕ್ಕರೆ ನೀರು. ಹೊಸದಿದ್ದಾಗ ಒದ್ದೆ ಬಟ್ಟೆಗೇ ಬಿಡುತ್ತದೆ. ಬಿಟ್ಟರೆ ಧೂಳು ಹಿಡಿದು ಕಪ್ಪಾಗಿ ಗಟ್ಟಿಯಾಗುತ್ತದೆ. ಸೀಲೆಂಟ್ ಇರುವ ಗಾಡಿಯಲ್ಲಿ ಇದು ಬೇಗ ಬಿಡುತ್ತದೆ. ಹಚ್ಚಿದ್ದರ ಲಾಭ ನಿಮಗೆ ಮೊದಲು ಕಾಣುವುದೂ ಇಲ್ಲೇ.

ಹಿಕ್ಕೆ ಅದಕ್ಕಿಂತ ಕೆಟ್ಟದ್ದು. ಅದರಲ್ಲಿ ಯೂರಿಕ್ ಆಮ್ಲ ಇರುತ್ತದೆ. ಜೊತೆಗೆ ಬಿಸಿಲಿಗೆ ಕ್ಲಿಯರ್ ಕೋಟ್ ಕೊಂಚ ಮೆತ್ತಗಾಗಿ ಹಿಗ್ಗುತ್ತದೆ, ಸಂಜೆ ತಣ್ಣಗಾದಾಗ ಒಣಗಿದ ಹಿಕ್ಕೆಯ ಅಚ್ಚನ್ನು ಹಿಡಿದುಕೊಂಡೇ ಕುಗ್ಗುತ್ತದೆ. ಆಮೇಲೆ ಒರೆಸಿದರೆ ಹಿಕ್ಕೆ ಹೋಗುತ್ತದೆ, ಗುರುತು ಹೋಗುವುದಿಲ್ಲ. ಕಂಡ ಕೂಡಲೇ ಟಿಶ್ಯೂ ತಗೊಂಡು ಉಜ್ಜುವುದು ಇನ್ನೂ ದೊಡ್ಡ ತಪ್ಪು, ಯಾಕೆಂದರೆ ಒಣಗಿದ ಹಿಕ್ಕೆಯಲ್ಲಿ ಮರಳು, ಬೀಜದ ಚೂರು ಇರುತ್ತದೆ. ಡಿಕ್ಕಿಯ ಡೀಟೇಲರ್ ಬೇಕಿರುವುದು ಈಗ. ಹಿಕ್ಕೆ ಪೂರ್ತಿ ನೆನೆಯುವಷ್ಟು ಹೊಡೆಯಿರಿ. ಅದರ ಮೇಲೆ ಮಡಿಸಿದ ಒದ್ದೆ ಬಟ್ಟೆ ಹಾಕಿ ಎರಡು ಮೂರು ನಿಮಿಷ ಬಿಡಿ. ಒತ್ತದೆ ಮೇಲಕ್ಕೆ ಎತ್ತಿ. ಉಳಿದದ್ದಕ್ಕೆ ಬಟ್ಟೆಯ ಬೇರೆ ಮಗ್ಗುಲಲ್ಲಿ ಮತ್ತೊಮ್ಮೆ. ಆ ಬಟ್ಟೆಯನ್ನು ಆವತ್ತು ಮತ್ತೆಲ್ಲೂ ಮುಟ್ಟಿಸಬೇಡಿ.

ಸೆರಾಮಿಕ್ ಸ್ಪ್ರೇ ಹಚ್ಚುವುದು ಹೀಗೆ. ಗಾಡಿ ತೊಳೆದು ಒರೆಸಿದ ಮೇಲೆ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಸವರಿ ನೋಡಿ. ಬೆರಳಿಗೆ ಗೊತ್ತಾಗದ ತರಿ ಕವರ್ ಮೇಲಿಂದ ಗೊತ್ತಾಗುತ್ತದೆ. ತರಿತರಿ ಅನಿಸಿದರೆ ಒಮ್ಮೆ ಕ್ಲೇ ಬಾರ್ (ಪೇಂಟ್‌ಗೆ ಅಂಟಿದ ತರಿಯನ್ನು ಎಳೆದು ತೆಗೆಯುವ, ಜೇಡಿಮಣ್ಣಿನಂಥ ಮೆತ್ತನೆ ತುಂಡು) ಹಿಡಿಯಬೇಕು, ಆಗ ಜಾರಲು ಅದೇ ಡೀಟೇಲರ್ ಬಳಸಬಹುದು. ಆಮೇಲೆ ನೆರಳಲ್ಲಿ, ತಗಡು ಕೈಗೆ ತಣ್ಣಗಿರುವಾಗ, ಒಂದು ಭಾಗ ಮುಗಿಸಿ ಇನ್ನೊಂದಕ್ಕೆ ಹೋಗಿ. ಸ್ಪ್ರೇ ಅನ್ನು ಬಟ್ಟೆಗೇ ಹೊಡೆಯುವುದು ಒಳ್ಳೇದು, ಗಾಳಿಗೆ ಗಾಜಿನ ಮೇಲೆ ಹಾರುವುದಿಲ್ಲ. ಮುಂದಿನ ಗಾಜಿಗೆ ಅಂಟಿದರೆ ಮಳೆಯಲ್ಲಿ ವೈಪರ್ ಹಾಕಿದಾಗ ಮಸುಕಾಗುತ್ತದೆ. ಬ್ರೇಕ್ ಡಿಸ್ಕ್ ಮೇಲಂತೂ ಒಂದು ಹನಿಯೂ ಬೀಳಬಾರದು. ಒಂದು ಬಟ್ಟೆಯಲ್ಲಿ ಹರಡಿ, ಒಣ ಬಟ್ಟೆಯಲ್ಲಿ ಒರೆಸಿ ಹೊಳಪು ತನ್ನಿ. ಜಾಸ್ತಿ ಹಚ್ಚಿದರೆ ಜಾಸ್ತಿ ಕಾಪಾಡುವುದಿಲ್ಲ, ಗೆರೆಗೆರೆ ಉಳಿಯುತ್ತದೆ ಅಷ್ಟೇ. ಹಚ್ಚಿದ ದಿನ ಮಳೆ ಇಲ್ಲದಿದ್ದರೆ ಒಳ್ಳೇದು.

ಇದೆಲ್ಲ ಮಾಡಿಯೂ ಗಾಡಿ ಹಾಳಾಗುವುದು ಒಂದು ಜಾಗದಲ್ಲಿ. ಬೆಳಿಗ್ಗೆ ಐದಕ್ಕೇ ಬಂದು ಒಂದೇ ಬಕೆಟ್ ನೀರು, ಒಂದೇ ಹಳದಿ ಬಟ್ಟೆಯಲ್ಲಿ ಬೀದಿಯ ಗಾಡಿಗಳನ್ನೆಲ್ಲ ಒರೆಸುವ ಪದ್ಧತಿ ಇದೆಯಲ್ಲ, ಅದರಲ್ಲಿ. ಪಾಪ, ಅವರಿಗೂ ಒಂದು ಗಾಡಿಗೆ ಐದು ನಿಮಿಷಕ್ಕಿಂತ ಹೆಚ್ಚು ಸಿಗುವುದಿಲ್ಲ. ಆದರೆ ಎದುರು ಮನೆ ಗಾಡಿಯ ಮಣ್ಣು ಆ ಬಟ್ಟೆಯಲ್ಲಿ ನಿಮ್ಮ ಬಾನೆಟ್ ಮೇಲೆ ಬರುತ್ತದೆ. ಬಿಸಿಲಿಗೆ ಹಿಡಿದರೆ ಕಡು ಬಣ್ಣದ ಮೇಲೆ ಜೇಡರ ಬಲೆಯ ಹಾಗೆ ಕಾಣುವ ಸುತ್ತು ಗೀರುಗಳು ಹುಟ್ಟುವುದು ಹೀಗೆ. ಅವರಿಗೆ ನಿಮ್ಮದೇ ಎರಡು ಮೈಕ್ರೋಫೈಬರ್ ಬಟ್ಟೆ ಕೊಡಿ. ದಿನಾ ಒರೆಸುವುದು ಬೇಡ, ವಾರಕ್ಕೊಮ್ಮೆ ನೀರು ಹಾಕಿ ಸಾಕು ಅನ್ನಿ. ತಿಂಗಳ ದುಡ್ಡು ಮಾತ್ರ ಕಡಿಮೆ ಮಾಡಬೇಡಿ.

ಆಯುಧ ಪೂಜೆಗೆ ಮುಂಚಿನ ವಾರ ಒಂದು ಸಲ ಸ್ಪ್ರೇ ಹಚ್ಚಿಟ್ಟರೆ ಅನುಕೂಲ. ಅರಿಶಿನ ಕುಂಕುಮದ ಬಣ್ಣ ಅಷ್ಟು ಬೇಗ ಹಿಡಿಯುವುದಿಲ್ಲ. ಆದರೂ ಸಂಜೆಯೊಳಗೆ ತೊಳೆದುಬಿಡಿ. ಹೂವಿನ ಹಾರ ಕಟ್ಟಿದ ತಂತಿ ಬಾನೆಟ್‌ಗೆ ತಾಗದ ಹಾಗೆ ಕೆಳಗೆ ಒಂದು ಬಟ್ಟೆ ಇರಲಿ.

ಮಂಗಳೂರು, ಉಡುಪಿ ಕಡೆಯವರು ಇದನ್ನು ಓದುತ್ತಿದ್ದರೆ, ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ ಮತ್ತು ಉಪ್ಪುಗಾಳಿ ಇರುವ ಊರಿಗೆ ಮೇಣದ ವ್ಯಾಕ್ಸ್ ತಾಳುವುದಿಲ್ಲ. ಮೇ ತಿಂಗಳಲ್ಲೇ ಸೀಲೆಂಟ್ ಹಚ್ಚಿ ಮುಗಿಸಿ. ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣದ ಗಾಡಿ ಇರುವವರು ಈ ಯಾವ ಬಾಟಲಿಯನ್ನೂ ಮುಟ್ಟಬೇಡಿ. ಅಲ್ಲಲ್ಲಿ ಹೊಳೆದು ಪಟ್ಟೆಪಟ್ಟೆ ಕಾಣುತ್ತದೆ, ತೆಗೆಯುವುದು ಕಷ್ಟ. ಅದಕ್ಕೆ ಬೇರೆಯೇ ಸ್ಪ್ರೇ ಬರುತ್ತದೆ.

ಮತ್ತೆ ಯಾವಾಗ ಹಚ್ಚಬೇಕು ಅಂತ ಕ್ಯಾಲೆಂಡರ್ ನೋಡಬೇಕಿಲ್ಲ. ತೊಳೆದ ಮೇಲೆ ಬಾನೆಟ್ ಮೇಲೆ ಒಂದು ಮಗ್ ನೀರು ನಿಧಾನ ಸುರಿಯಿರಿ. ನೀರು ಒಟ್ಟಾಗಿ ಜಾರಿ ಹೋದರೆ ಇನ್ನೂ ಇದೆ. ಹಾಳೆಯಂತೆ ಹರಡಿ ಅಲ್ಲೇ ಅಂಟಿಕೊಂಡು ನಿಂತರೆ, ಒಮ್ಮೆ ಚೆನ್ನಾಗಿ ಶಾಂಪೂ ಹಾಕಿ ತೊಳೆದು ಮತ್ತೆ ಪರೀಕ್ಷಿಸಿ. ಕೊಳೆಯಿಂದಲೂ ಹಾಗಾಗುತ್ತದೆ. ಆಗಲೂ ನೀರು ನಿಂತರೆ ಬಾಟಲಿ ತೆಗೆಯಿರಿ.