ರೊಟ್ಟಿ ಪ್ಯಾಕೆಟ್ಟಿನ ಲೆಕ್ಕ: ಮೆಂಟರ್ ಮುಂದೆ ಕೂತು ಕಲಿತದ್ದು

ವಿಜಯಪುರ ಜಿಲ್ಲೆಯಲ್ಲಿ ಜೋಳದ ರೊಟ್ಟಿ ಬಡಿಯಲು ಬಾರದ ಮನೆ ಹುಡುಕುವುದೇ ಕಷ್ಟ. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬ ಮಾತು ನಮ್ಮ ಕಡೆಯದು; ಡೋಣಿ ಅಂದರೆ ನಮ್ಮ ಹೊಳೆ. ಜೋಳ ಇದೆ, ಕೈ ಇದೆ, ದೂರದ ಊರುಗಳಲ್ಲಿ ಕಟಕ ರೊಟ್ಟಿಗೆ (ಒಣಗಿಸಿದ ಗರಿಗರಿ ರೊಟ್ಟಿಗೆ) ಹಂಬಲಿಸುವ ನಮ್ಮದೇ ಜನ ಇದ್ದಾರೆ. ಇಷ್ಟಿದ್ದರೆ ಸಾಕು, ವ್ಯಾಪಾರ ತಾನಾಗಿ ನಡೆಯುತ್ತದೆ ಅಂದುಕೊಂಡೇ ನಾನೂ ಶುರು ಮಾಡಿದೆ. ನಮ್ಮ ತಂಡಕ್ಕೆ ಈಗ ಸೇರುತ್ತಿರುವವರು ಅದೇ ಜಾಗದಲ್ಲಿ ಮುಗ್ಗರಿಸಬಾರದು ಎಂದು ಈ ಟಿಪ್ಪಣಿ.

ಮೊದಲ ಭೇಟಿ, ಮೊದಲ ಪುಟ

ಮೆಂಟರ್, ಅಂದರೆ ವ್ಯಾಪಾರಕ್ಕೆ ದಾರಿ ತೋರಿಸುವವರ ಬಳಿ ಹೋದಾಗ ನಾನು ಒಯ್ದದ್ದು ಬ್ರ್ಯಾಂಡಿನ ಹೆಸರು, ಲೋಗೋ. ಅವರು ಎರಡನ್ನೂ ಪಕ್ಕಕ್ಕಿಟ್ಟು, ‘ಒಂದು ಪ್ಯಾಕೆಟ್ಟಿಗೆ ಖರ್ಚ ಎಷ್ಟ ಬರ್ತದ, ಬರದು ತೋರಸು’ ಅಂದರು. ಹತ್ತು ರೊಟ್ಟಿಯ ಪ್ಯಾಕೆಟ್ಟಿಗೆ ನಾನು ಬರೆದದ್ದು ಹೀಗೆ: ಹಿಟ್ಟು 400 ಗ್ರಾಂ, 22 ರೂಪಾಯಿ. ಬಡಿಯುವ ಕೂಲಿ ರೊಟ್ಟಿಗೆ ಎರಡರಂತೆ 20. ಗ್ಯಾಸ್ 5. ಕವರ್, ಸ್ಟಿಕರ್ 8. ಒಟ್ಟು 55. ಮಾರುವ ಬೆಲೆ 70, ಉಳಿಕೆ 15. ನನಗೆ ಖುಷಿಯೋ ಖುಷಿ.

ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಮುರದ ರೊಟ್ಟಿ ಎಲ್ಲಿ ಬರದೀ?’

ಕಟಕ ರೊಟ್ಟಿ ಮಾಡಿದವರಿಗೆ ಗೊತ್ತು, ಒಣಗಿಸುವಾಗ, ಪೇರಿಸುವಾಗ, ತುಂಬುವಾಗ ನೂರರಲ್ಲಿ ಹತ್ತಾದರೂ ಒಡೆಯುತ್ತವೆ. ಅಂದರೆ 90 ರೊಟ್ಟಿ ಮಾರಲು 100 ರೊಟ್ಟಿಯ ಹಿಟ್ಟು, ಕೂಲಿ, ಗ್ಯಾಸ್ ಹಾಕಿರುತ್ತೇವೆ. ಈ ಮೂರರ 47 ರೂಪಾಯಿ ಅಲ್ಲಿಗೇ 52 ಆಯಿತು. ಕವರಿನ 8, ಅಂಗಡಿಗೆ ಮುಟ್ಟಿಸುವ ಸಾಗಣೆ 3 ಸೇರಿಸಿದರೆ 63. ಅಂಗಡಿಯವರು ಎಂಆರ್‌ಪಿ ಮೇಲೆ ನೂರಕ್ಕೆ 20 ಹಿಡಿಯುತ್ತಾರೆ. 70ರಲ್ಲಿ 14 ಅವರಿಗೆ ಹೋದರೆ ನನ್ನ ಕೈಗೆ 56. ಪ್ರತಿ ಪ್ಯಾಕೆಟ್ಟಿಗೆ 7 ರೂಪಾಯಿ ನಾನೇ ಕೈಯಿಂದ ಕೊಟ್ಟು ಮಾರುತ್ತಿದ್ದೆ. ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ.

ಇಲ್ಲಿ ಬಹಳ ಜನ ಎಡವುವ ಒಂದು ಸಣ್ಣ ತಿರುವಿದೆ, ನಿಧಾನವಾಗಿ ಓದಿ. ಖರ್ಚು 63, ನನಗೆ 12 ಉಳಿಯಬೇಕು, ಅಂದರೆ 75 ಕೈಗೆ ಬರಬೇಕು. ಅಂಗಡಿಗೆ ನೂರಕ್ಕೆ 20 ಎಂದು 75ರ ಮೇಲೆ 15 ಕೂಡಿಸಿ 90 ಅಂತ ಅಚ್ಚು ಹಾಕಿಸಿದರೆ ತಪ್ಪು. ಅಂಗಡಿಯವರು ಲೆಕ್ಕ ಹಿಡಿಯುವುದು 90ರ ಮೇಲೆ, ಅದು 18. ಕೈಗೆ ಬರುವುದು 72. ಸರಿಯಾದ ದಾರಿ: 75ನ್ನು 0.8ರಿಂದ ಭಾಗಿಸಿ. 93.75 ಬರುತ್ತದೆ, ಎಂಆರ್‌ಪಿ 95 ಇಡಬಹುದು. ಆಗ ಅಂಗಡಿಗೆ 19, ನಮಗೆ 76, ಉಳಿಕೆ 13. ದಿನಕ್ಕೆ 50 ಪ್ಯಾಕೆಟ್ ಹೋದರೆ 650. ನಮ್ಮ ಸ್ವಂತ ಕೂಲಿ, ಬಾಡಿಗೆ, ಬ್ಯಾಂಕಿನ ಕಂತು ಎಲ್ಲ ಇದರೊಳಗೇ ಬರಬೇಕು. ಈ ದರಗಳು ನನ್ನವು. ನಿಮ್ಮ ಊರಿನ ಜೋಳದ ಧಾರಣಿ ಹಾಕಿ ನೀವೇ ಲೆಕ್ಕ ಮಾಡಿ.

ಮುರಿಯುವುದನ್ನು ತಡೆಯಲು ನಾನು ಮಾಡಿದ್ದು ಇಷ್ಟೇ. ರೊಟ್ಟಿ ಪೂರ್ತಿ ಆರಿದ ಮೇಲೆ ಪೇರಿಸಿ, ಕೆಳಗೊಂದು ಮೇಲೊಂದು ಅದೇ ಅಳತೆಯ ದುಂಡು ರಟ್ಟು ಇಟ್ಟು, ಅಲುಗಾಡದಂತೆ ಬಿಗಿಯಾಗಿ ಸುತ್ತಿದೆ. ಬಿಸಿ ಇರುವಾಗಲೇ ಕಟ್ಟಿದರೆ ಒಳಗೆ ಬೆವೆತು ಮೆತ್ತಗಾಗುತ್ತದೆ, ನಾಲ್ಕೇ ದಿನಕ್ಕೆ ಬೂಸ್ಟು. ರಟ್ಟಿಗೆ ಎರಡು ರೂಪಾಯಿ ಹೋಯಿತು. ಒಡೆಯುವುದು ನೂರಕ್ಕೆ ನಾಲ್ಕಕ್ಕೆ ಇಳಿದು ಮೂರು ರೂಪಾಯಿ ಉಳಿಯಿತು. ಲಾಭ ಒಂದೇ ರೂಪಾಯಿ, ಆದರೆ ಬಸ್ಸಿಗೆ ಹಾಕಿದ ಪಾರ್ಸಲ್ ಬಿಚ್ಚಿ ‘ಬರೇ ಪುಡಿ ಬಂದೈತಿ’ ಎನ್ನುವ ಫೋನು ನಿಂತಿತು.

ಇಂಡಿ ಕಡೆಯ ನಮ್ಮ ಗೆಳತಿ ನಿಂಬೆ ಉಪ್ಪಿನಕಾಯಿ ಮಾಡುತ್ತಾಳೆ. ಇಂಡಿ ನಿಂಬೆಗೆ ಜಿಐ (ಊರಿನ ವಿಶೇಷ ಬೆಳೆ ಎಂಬ ಗುರುತು) ಮಾನ್ಯತೆಯೂ ಇದೆ. ಅವಳಿಗೆ ಮುರಿಯುವ ಚಿಂತೆ ಇಲ್ಲ, ನಿಂಬೆಯ ದರ ಏರಿಳಿಯುವ ಚಿಂತೆ. ಪ್ರತಿ ಸರಕಿಗೂ ಲೆಕ್ಕದಿಂದ ತಪ್ಪಿಸಿಕೊಳ್ಳುವ ಒಂದು ಸಾಲು ಇದ್ದೇ ಇರುತ್ತದೆ. ಮೆಂಟರ್ ಹುಡುಕುವುದು ಆ ಸಾಲನ್ನೇ.

ಗಿರಾಕಿಯನ್ನು ಏನು ಕೇಳಬೇಕು

‘ರುಚಿ ಹೆಂಗೈತ್ರಿ?’ ಅಂದರೆ ಎಲ್ಲರೂ ಚಲೋ ಐತಿ ಅಂತಲೇ ಹೇಳುತ್ತಾರೆ, ನಮ್ಮ ಜನರ ಮನಸ್ಸು ಅಂಥದ್ದು. ಅದರ ಬದಲು, ಹೋದ ತಿಂಗಳು ರೊಟ್ಟಿ ಎಲ್ಲಿ ಕೊಂಡಿರಿ, ಎಷ್ಟು ಕೊಟ್ಟಿರಿ, ಎಷ್ಟು ದಿನಕ್ಕೆ ಮುಗಿಯಿತು ಎಂದು ಕೇಳಿ. ಆಗಿಹೋದ ಖರೀದಿಯ ಬಗ್ಗೆ ಯಾರೂ ಸೌಜನ್ಯಕ್ಕೆ ಉತ್ತರ ಹೇಳುವುದಿಲ್ಲ.

ಕಾಗದಪತ್ರ

ಸಣ್ಣ ಉದ್ಯಮಗಳಿಗೆ ಸರಕಾರ ಮಾಡುವ ಉದ್ಯಮ್ ನೋಂದಣಿ ಆನ್‌ಲೈನ್, ಪುಕ್ಕಟೆ. ದುಡ್ಡು ಕೇಳುವ ಏಜೆಂಟರಿಗೆ ಕೊಡಬೇಡಿ. ತಿನ್ನುವ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಅಥವಾ ಪರವಾನಗಿ ಬೇಕು, ಅದರ 14 ಅಂಕಿಯ ಸಂಖ್ಯೆ ಪ್ಯಾಕೆಟ್ ಮೇಲೆ ಇರಬೇಕು. ನಿವ್ವಳ ತೂಕ, ಎಂಆರ್‌ಪಿ, ತಯಾರಕರ ಹೆಸರು ವಿಳಾಸ, ತಯಾರಿಸಿದ ದಿನಾಂಕ, ದೂರು ಹೇಳುವ ಫೋನ್ ನಂಬರ್ ಕಡ್ಡಾಯ. ಮೆಂಟರಿಗೆ ತೋರಿಸದೆ ನಾನು ಎರಡು ಸಾವಿರ ಸ್ಟಿಕರ್ ಅಚ್ಚು ಹಾಕಿಸಿದೆ. ದಿನಾಂಕ ಬರೆಯಲು ಜಾಗವೇ ಇರಲಿಲ್ಲ, ಅಷ್ಟೂ ಒಲೆಗೆ.

ಜಿಎಸ್‌ಟಿ ವಿಷಯ ನಮ್ಮಂಥ ಗಡಿ ಜಿಲ್ಲೆಗೆ ಮುಖ್ಯ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ನೋಂದಣಿಯಿಂದ ವಿನಾಯಿತಿ ಇದೆ. ಆದರೆ ತೆರಿಗೆ ಇರುವ ಸರಕನ್ನು ಗಡಿಯಾಚೆ ಮಹಾರಾಷ್ಟ್ರದ ಸೊಲ್ಲಾಪುರಕ್ಕೋ ಸಾಂಗಲಿಗೋ ಕಳಿಸಿದರೆ ಆ ವಿನಾಯಿತಿ ಸಿಗುವುದಿಲ್ಲ.

ಸಾಲ, ಸಬ್ಸಿಡಿ, ಉದ್ರಿ

ಸಣ್ಣ ಆಹಾರ ತಯಾರಿಕಾ ಘಟಕಗಳಿಗಾಗಿ 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಘಟಕದ ವೆಚ್ಚದ ಶೇ. 35 ಸಬ್ಸಿಡಿ. ಕರ್ನಾಟಕ ಶೇ. 15 ಸೇರಿಸಿ ಒಟ್ಟು ಶೇ. 50, ಗರಿಷ್ಠ 15 ಲಕ್ಷ ಎಂದು ಮಾಡಿದೆ. ಈ ವರ್ಷ ಅರ್ಜಿ ತೆರೆದಿದೆಯೇ ಎಂದು ಮೊದಲು ಕೃಷಿ ಇಲಾಖೆಯಲ್ಲಿ ಕೇಳಿ. ಸಣ್ಣ ವ್ಯಾಪಾರಕ್ಕೆ ಬ್ಯಾಂಕು ಕೊಡುವ ಮುದ್ರಾ ಸಾಲದಲ್ಲಿ ಶಿಶು ಸಾಲ 50,000ದವರೆಗೆ, ಕಿಶೋರ 5 ಲಕ್ಷದವರೆಗೆ. ಸಬ್ಸಿಡಿ ಅಂದರೆ ಕೈಗೆ ಬರುವ ರೊಕ್ಕ ಎಂದು ತಿಳಿಯಬೇಡಿ. ಅದು ಬ್ಯಾಂಕಿನಲ್ಲಿ ಮೂರು ವರ್ಷ ಹಾಗೇ ಇದ್ದು ಆಮೇಲೆ ಸಾಲಕ್ಕೆ ಜಮೆ ಆಗುತ್ತದೆ. ಅಲ್ಲಿಯವರೆಗೆ ಕಂತು ನಾವೇ ಕಟ್ಟಬೇಕು.

ನನ್ನನ್ನು ನಿಜಕ್ಕೂ ಹೆದರಿಸಿದ್ದು ಉದ್ರಿ. ಅಂಗಡಿಯವರು ತಿಂಗಳಿಗೊಮ್ಮೆ ರೊಕ್ಕ ಕೊಡುತ್ತೇವೆ ಅಂದರೆ ದಿನಕ್ಕೆ 50 ಪ್ಯಾಕೆಟ್, 63 ರೂಪಾಯಿ, 30 ದಿನ: 94,500 ರೂಪಾಯಿ ಅವರ ಕಪಾಟಿನಲ್ಲಿ. ಮಷೀನಿಗೆ ಸಾಲ ಕೇಳುವಾಗ ಇದನ್ನೂ ದುಡಿಯುವ ಬಂಡವಾಳ ಎಂದು ತೋರಿಸದಿದ್ದರೆ ಎರಡನೇ ತಿಂಗಳು ಜೋಳ ಕೊಳ್ಳಲು ರೊಕ್ಕ ಇರುವುದಿಲ್ಲ.

ಮೆಂಟರ್ ಎಲ್ಲಿ ಸಿಗುತ್ತಾರೆ

ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ವಿಜಯಪುರದ ರುಡ್‌ಸೆಟ್ ಸಂಸ್ಥೆಗೆ ಹೋಗಿ. ಉಜಿರೆಯಲ್ಲಿ 1982ರಲ್ಲಿ ಹುಟ್ಟಿದ ಈ ಮಾದರಿಯಲ್ಲಿ ತರಬೇತಿ, ಊಟ, ವಸತಿ ಉಚಿತ. ತರಬೇತಿ ಮುಗಿದ ಮೇಲೂ ಎರಡು ವರ್ಷ ವಿಚಾರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಆ ಎರಡು ವರ್ಷವೇ ದೊಡ್ಡದು. ಧಾರವಾಡದಲ್ಲಿ ಸಿಡಾಕ್ (ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ) ಇದೆ, ಜಿಲ್ಲಾ ಕೈಗಾರಿಕಾ ಕೇಂದ್ರ ಊರಲ್ಲೇ ಇದೆ.

ಭೇಟಿಗೆ ಬರಿಗೈಲಿ ಹೋಗಬೇಡಿ. ಒಂದು ಪುಟ ಸಾಕು: ಹೋದ ಸಲ ಹೇಳಿದ್ದರಲ್ಲಿ ಏನು ಮಾಡಿದೆ, ಏನು ಮಾಡಲಿಲ್ಲ, ಎಷ್ಟು ಮಾರಿದೆ, ಎಷ್ಟು ವಾಪಸ್ ಬಂತು, ಈಗ ಎಲ್ಲಿ ಸಿಕ್ಕಿಕೊಂಡಿದ್ದೇನೆ. ಮಾಡದೇ ಬಿಟ್ಟದ್ದನ್ನು ಮುಚ್ಚಿಟ್ಟರೆ ಅವರ ಸಲಹೆಯೂ ಸುಳ್ಳು ಲೆಕ್ಕದ ಮೇಲೆ ನಿಲ್ಲುತ್ತದೆ. ಅವರ ಮಾತೆಲ್ಲ ಒಪ್ಪಬೇಕೆಂದೂ ಇಲ್ಲ. ರೊಟ್ಟಿ ಬಡಿಯುವ ಮಷೀನ್ ತಗೋ ಅಂದಾಗ ನಾನು ಒಪ್ಪಲಿಲ್ಲ. ನಮ್ಮ ಓಣಿಯ ಆರು ಹೆಣ್ಣುಮಕ್ಕಳ ಕೂಲಿ ಆ ರೊಟ್ಟಿಯಲ್ಲಿದೆ. ಹಾಗಾದರೆ ಆ ಕೂಲಿಯನ್ನು ಬೆಲೆಯಲ್ಲಿ ಹೇಗೆ ಗಳಿಸುತ್ತೀ ಎಂದು ಕೇಳಿದರು. ಅದಕ್ಕೆ ಉತ್ತರ ಹುಡುಕಲು ಐದು ರೊಟ್ಟಿಯ ಸಣ್ಣ ಪ್ಯಾಕೆಟ್ ಮಾಡಿ ಹತ್ತು ಅಂಗಡಿಯಲ್ಲಿ ಇಟ್ಟಿದ್ದೇನೆ. ಬರುವ ಭಾನುವಾರದ ಪುಟದಲ್ಲಿ ಅದರ ಲೆಕ್ಕ ಬರೆಯಬೇಕು.