ಪಿಂಕ್‌ಟೋ ಜೇಡದ ಪೆಟ್ಟಿಗೆಯಲ್ಲಿ ಎಷ್ಟು ತೇವ ಇರಬೇಕು?

ಪ್ರಶ್ನೆ: ನಾನು ಮ್ಯೂನಿಕ್‌ನಲ್ಲಿದ್ದೇನೆ. ಮೂರು ತಿಂಗಳ ಹಿಂದೆ ಒಂದು ಪಿಂಕ್‌ಟೋ ಟರಾಂಟುಲಾ ಮರಿ ತಂದೆ. ತೇವಾಂಶ ಶೇ. 80ಕ್ಕಿಂತ ಕೆಳಗಿಳಿಯಬಾರದು ಅಂತ ಮಾರಿದವರು ಹೇಳಿದ್ದಾರೆ. ದಿನಕ್ಕೆರಡು ಸಲ ನೀರು ಸಿಂಪಡಿಸಿದರೂ ಮೀಟರ್ 60 ದಾಟುತ್ತಿಲ್ಲ. ಗಾಳಿಕಿಂಡಿಗಳನ್ನು ಮುಚ್ಚಿಬಿಡಲೇ?

ಮುಚ್ಚಬೇಡಿ. ಈಗಾಗಲೇ ಮುಚ್ಚಿದ್ದರೆ ಮೊದಲು ಹೋಗಿ ತೆಗೆದು ಬನ್ನಿ, ಉಳಿದದ್ದನ್ನು ಆಮೇಲೆ ಓದಿ.

ನನ್ನ ಮೊದಲ ಮರಿ ಹೋಗಿದ್ದೇ ಹೀಗೆ. ಸಂಜೆ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ನೋಡಿದರೆ ಎಂಟೂ ಕಾಲು ಮೈಯಡಿ ಮಡಚಿಕೊಂಡು ತಳದಲ್ಲಿ ಬಿದ್ದಿತ್ತು. ಡಬ್ಬಿಯ ಗೋಡೆ ತುಂಬ ಹನಿ. ಮುಚ್ಚಳ ತೆಗೆದರೆ ಮಳೆಗಾಲದಲ್ಲಿ ಒಣಗದ ಬಟ್ಟೆಯ ಮುಗ್ಗು ವಾಸನೆ. ಇಂಥ ಸಾವು ಎಷ್ಟು ಮಾಮೂಲಿಯಾಗಿತ್ತೆಂದರೆ ಸಾಕುವವರು ಅದಕ್ಕೆ ‘ಅವಿಕ್ಯುಲೇರಿಯಾ ಹಠಾತ್ ಸಾವು’ ಅಂತ ಹೆಸರನ್ನೇ ಇಟ್ಟುಬಿಟ್ಟಿದ್ದರು, ರೋಗವೇನೋ ಎಂಬಂತೆ (ಅವಿಕ್ಯುಲೇರಿಯಾ ಅಂದರೆ ಪಿಂಕ್‌ಟೋ ಜೇಡಗಳ ಕುಲದ ಹೆಸರು). ರೋಗವಲ್ಲ, ಬಹುಪಾಲು ಉಬ್ಬೆಗಾಳಿಯ ಕೆಲಸ.

ಪಿಂಕ್‌ಟೋ, ವೈಜ್ಞಾನಿಕ ಹೆಸರಲ್ಲಿ ಅವಿಕ್ಯುಲೇರಿಯಾ ಅವಿಕ್ಯುಲೇರಿಯಾ, ದಕ್ಷಿಣ ಅಮೆರಿಕದ ಸುರಿನಾಮ್, ಗಯಾನಾ, ಉತ್ತರ ಬ್ರೆಜಿಲ್ ಕಡೆಯ ಜೇಡ. ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲೇ ಇದಕ್ಕೆ ಹೆಸರಿಟ್ಟ. ಅಲ್ಲಿ ಮಳೆಗೆ ಕೊರತೆಯಿಲ್ಲ, ನಿಜ. ಆದರೆ ಇದು ಕಾಡಿನ ನೆಲದಲ್ಲಿ ಕೂರುವ ಪ್ರಾಣಿಯಲ್ಲ; ಕೊಂಬೆ, ಎಲೆಮಡಿಕೆ, ಒಮ್ಮೊಮ್ಮೆ ಮನೆಯ ಸೂರಿನಡಿ ಕೊಳವೆಯಂಥ ಬಲೆ ಕಟ್ಟಿಕೊಂಡಿರುತ್ತದೆ. ಮಳೆ ಬಂತು, ನೆನೆಯಿತು, ಗಾಳಿ ಬೀಸಿತು, ಆರಿತು. ಆ ಕೊನೆಯ ಎರಡನ್ನು ಬಿಟ್ಟು ಮೊದಲ ಎರಡನ್ನಷ್ಟೇ ನಾವು ಡಬ್ಬಿಯೊಳಗೆ ತಂದಿಡುತ್ತೇವೆ. ತಿಂದು ಬಿಟ್ಟ ಹುಳ ಅಲ್ಲೇ ಕೊಳೆಯುತ್ತದೆ, ಬೂಷ್ಟು ಹಿಡಿಯುತ್ತದೆ, ನುಸಿ ಏಳುತ್ತದೆ. ಜೇಡ ಉಸಿರಾಡುವುದೋ ಹೊಟ್ಟೆಯ ಅಡಿಭಾಗದಲ್ಲಿ ಪುಸ್ತಕದ ಹಾಳೆಗಳಂತೆ ಜೋಡಿಸಿರುವ ನಾಲ್ಕು ಶ್ವಾಸಕೋಶಗಳಿಂದ; ಅವಕ್ಕೆ ಸಿಗುವುದು ಇದೇ ಕೊಳೆತ ಗಾಳಿ.

ಹಾಗಂತ ನೀರು ಬೇಡವೆಂದಲ್ಲ. ಜೇಡಕ್ಕೆ ಕಾಲು ಮಡಚಲು ಸ್ನಾಯುವಿದೆ, ಆದರೆ ಮುಖ್ಯ ಕೀಲುಗಳನ್ನು ಚಾಚಲು ಮೈಯೊಳಗಿನ ದ್ರವದ ಒತ್ತಡವೇ ಬೇಕು. ನೀರು ತೀರಾ ಕಡಿಮೆಯಾದರೂ ಕಾಲು ಒಳಕ್ಕೆ ಮುದುಡುತ್ತದೆ. ಆದರೆ ಆ ನೀರನ್ನು ಅದು ಬಾಯಿಂದ ಕುಡಿಯಬೇಕು. ಒಂದು ಪುಟ್ಟ ಬಟ್ಟಲಲ್ಲಿ ಯಾವಾಗಲೂ ನೀರಿರಲಿ. ಮರಿ ಕೆಳಗಿಳಿಯದಿದ್ದರೆ ಎರಡು ಮೂರು ದಿನಕ್ಕೊಮ್ಮೆ ಬಲೆಯ ಪಕ್ಕದ ಗೋಡೆಗೆ ನಾಲ್ಕು ಹನಿ ಸಿಂಪಡಿಸಿ. ಅದು ಕೆಲವೇ ಗಂಟೆಗಳಲ್ಲಿ ಒಣಗಬೇಕು. ಮರುದಿನವೂ ಹನಿ ನಿಂತಿದ್ದರೆ ಕಿಂಡಿ ಸಾಲದು. ಒಂದು ಬದಿಯಲ್ಲಿ ಕೆಳಗೆ, ಎದುರು ಬದಿಯಲ್ಲಿ ಮೇಲೆ ತೂತು ಮಾಡಿ. ಗಾಳಿ ಅಡ್ಡ ಹಾಯಲಿ. ಮೀಟರನ್ನು ಕಿತ್ತು ಡ್ರಾಯರಿಗೆ ಹಾಕಿ, ಅಗ್ಗದ ಮುಳ್ಳಿನ ಮೀಟರ್‌ಗಳು ಬಾಯಿಗೆ ಬಂದದ್ದು ಹೇಳುತ್ತವೆ. ಜೇಡದ ಹೊಟ್ಟೆ ನೋಡಿ: ಸುಕ್ಕುಗಟ್ಟಿದ್ದರೆ ಬಾಯಾರಿದೆ, ತುಂಬಿಕೊಂಡಿದ್ದರೆ ಚಿಂತೆಯಿಲ್ಲ.

ಚಳಿಗಾಲದಲ್ಲಿ ಡಬ್ಬಿಯನ್ನು ಹೀಟರಿನ ಮೇಲಿಡಬೇಡಿ. ನಿಮಗೆ ಹಿತವಾದ ಕೋಣೆ ಅದಕ್ಕೂ ಸಾಕು. ತಳಕ್ಕೆ ತೆಂಗಿನ ನಾರಿನ ಹುಡಿ, ಓರೆಯಾಗಿ ನಿಲ್ಲಿಸಿದ ಒಂದು ತೊಗಟೆ. ಬಲೆಯನ್ನು ಅದು ಮುಚ್ಚಳದ ಹತ್ತಿರವೇ ಕಟ್ಟುವುದರಿಂದ ಮೇಲ್ಮುಚ್ಚಳ ತೆಗೆದಾಗಲೆಲ್ಲ ಅದರ ಮನೆ ಹರಿಯುತ್ತದೆ. ಮುಂದೆ ದೊಡ್ಡ ಪೆಟ್ಟಿಗೆ ಕೊಳ್ಳುವಾಗ ಎದುರಿಗೆ ಬಾಗಿಲಿರುವುದನ್ನೇ ಕೊಳ್ಳಿ. ಊಟ ಬಿಟ್ಟು ಬಲೆಯೊಳಗೆ ಮುದುಡಿದರೆ ಪೊರೆ ಬಿಡುವ ಸಮಯ, ಕೆಣಕಬೇಡಿ. ನಿಮ್ಮ ಮರಿಗೆ ಈಗ ಗುಲಾಬಿ ಕಾಲು, ಕಪ್ಪು ಪಾದ ಇರಬೇಕು. ಪೊರೆ ಬಿಡುತ್ತ ಬಿಡುತ್ತ ಅದು ತಿರುಗುಮುರುಗಾಗಿ, ಕಪ್ಪು ಕಾಲಿನ ತುದಿಗೆ ಗುಲಾಬಿ ಬರುತ್ತದೆ.

ನಮ್ಮ ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿರುವ ಪೊಯೆಸಿಲೊಥೀರಿಯಾ ಜೇಡಗಳ ಬಗ್ಗೆಯೂ ಕೆಲವರು ಕೇಳುತ್ತಾರೆ. ಅವುಗಳ ಸಹವಾಸ ಬೇಡ. ಕಚ್ಚಿದರೆ ದಿನಗಟ್ಟಲೆ ಮಾಂಸಖಂಡ ಸೆಳೆಯುತ್ತದೆ. 2019ರಿಂದ ಅವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ನಿರ್ಬಂಧವೂ ಇದೆ.

ನಿಮ್ಮದು ಸಾಧು. ಆದರೂ ಬಾಗಿಲು ತೆಗೆದಾಗ ಮುಖ ಹತ್ತಿರ ಒಯ್ಯಬೇಡಿ. ಕಚ್ಚುವುದು ಅಪರೂಪ, ಹಿಂಭಾಗ ತಿರುಗಿಸಿ ಹಿಕ್ಕೆ ಚಿಮ್ಮಿಸುವುದು ಅಪರೂಪವಲ್ಲ. ನನ್ನ ಕನ್ನಡಕ ಎರಡು ಸಲ ಸಾಕ್ಷಿಯಾಗಿದೆ.